ಸಣ್ಣ ಕೆಲಸಗಳೆಲ್ಲ ಫೋನಿಗೆ ಹೋದ ಮೇಲೆ

ನಾನು ಗದಗಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಸಿದ್ಧ ಮಾಡುವವಳು. ಲಗ್ನ ಪತ್ರಿಕೆ, ಕರಪತ್ರ, ಬಿಲ್ ಬುಕ್, ವಿಸಿಟಿಂಗ್ ಕಾರ್ಡ್, ಫ್ಲೆಕ್ಸ್, ಈಗೀಗ ಹೆಚ್ಚಾಗಿ ಪುಸ್ತಕ. ಡಿಸೈನರ್ ಅಂದ ಕೂಡಲೇ ಬೆಂಗಳೂರಿನಲ್ಲಿ ಕೂತು ಆ್ಯಪ್ ಡಿಸೈನ್ ಮಾಡುವವರೇ ಎಲ್ಲರಿಗೂ ನೆನಪಾಗುತ್ತಾರೆ. ಆದರೆ ಕನ್ನಡ ಅಕ್ಷರವನ್ನು ಕಾಗದದ ಮೇಲೆ ಕೂರಿಸುವ ಎಷ್ಟೋ ಕೆಲಸ ನಮ್ಮಂಥ ಊರುಗಳ ಸಣ್ಣ ಅಂಗಡಿಗಳಲ್ಲೇ ನಡೆಯುತ್ತದೆ. ನಮ್ಮ ಕೆಲಸಕ್ಕೂ ಡಿಸೈನ್ ಅಂತಲೇ ಹೆಸರು. ಸುಲಭದ ಆ್ಯಪ್‌ಗಳು, ಆಮೇಲೆ ಎಐ ಬಂದು ಈ ಕೆಲಸಕ್ಕೆ ಏನಾಯ್ತು ಅಂತ ಬಹಳ ಜನ ಕೇಳುತ್ತಾರೆ. ಕೆಲಸ ಹೋಯ್ತು ಅಂದರೂ ಪೂರ್ತಿ ನಿಜ ಆಗುವುದಿಲ್ಲ, ಏನೂ ಆಗಲಿಲ್ಲ ಅಂದರೂ ಸುಳ್ಳೇ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಗದಗಿಗೆ ಮುದ್ರಣ ಕಾಶಿ ಅಂತ ಹೆಸರಿದೆ. ಪ್ರೆಸ್ಸುಗಳ ಊರು ಇದು. ತೋಂಟದಾರ್ಯ ಮಠದ ಪ್ರಕಟಣೆಗಳಿಂದ ಹಿಡಿದು ಶ್ರಾವಣದ ಪುರಾಣ ಪ್ರವಚನದ ಕರಪತ್ರದವರೆಗೆ ಇಲ್ಲಿ ಅಚ್ಚಿಗೆ ಯಾವತ್ತೂ ಏನಾದರೊಂದು ಇರುತ್ತದೆ. ನಾನು 2006ರಲ್ಲಿ ಒಂದು ಪ್ರೆಸ್ಸಿಗೆ ಕೆಲಸಕ್ಕೆ ಸೇರಿದೆ. ಆಗ ನಮ್ಮಲ್ಲಿ ಪೇಜ್‌ಮೇಕರ್ 7 ಇತ್ತು. ಆ ಸಾಫ್ಟ್‌ವೇರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆದರೂ ಕನ್ನಡದ ಪ್ರೆಸ್ಸುಗಳು ಅದನ್ನು ಬಹಳ ವರ್ಷ ಬಿಡಲಿಲ್ಲ, ಯಾಕೆಂದರೆ ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳು ಅದರಲ್ಲಿ ಚೆನ್ನಾಗಿ ಕೂರುತ್ತಿದ್ದವು. ಕೆ.ಪಿ. ರಾವ್ ಅವರ ಕೀಲಿಮಣೆ ಕಲಿತೆ. ಎರಡು ವ್ಯಂಜನಗಳ ನಡುವೆ ಎಫ್ ಒತ್ತಿದರೆ ಒತ್ತಕ್ಷರ ಆಗುತ್ತದೆ ಅನ್ನುವುದು ಬೆರಳಿಗೆ ಬಂದ ಮೇಲೆ ಟೈಪಿಂಗ್ ಕಷ್ಟ ಅನ್ನಿಸಲಿಲ್ಲ.

ಕಲಿಸಿದವರು ಪ್ರೆಸ್ಸಿನ ಒಬ್ಬ ಹಿರಿಯರು. ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಅವರು ಒಂದು ಕಾಲಕ್ಕೆ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ ಜೋಡಿಸುತ್ತಿದ್ದವರು, ಕಂಪೋಸಿಟರ್. ಕಂಪ್ಯೂಟರ್ ಬಂದ ಮೇಲೆ ಮೊಳೆಯ ಪೆಟ್ಟಿಗೆಗಳು ತೂಕದ ಮೇಲೆ ಮಾರಾಟವಾದವು, ಜೊತೆಗಿದ್ದವರು ಕಿರಾಣಿ ಅಂಗಡಿ, ಹೊಲ ಅಂತ ಚದುರಿ ಹೋದರು. ಕಾಕಾ ಮಾತ್ರ ಪ್ರೂಫ್ ನೋಡುವವರಾಗಿ ಉಳಿದರು. ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಆದರೆ ಬಟರ್ ಪೇಪರ್ ಮೇಲೆ ತೆಗೆದ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡಗಡೆ ಒಂದು ನೂಲು ಜಾಸ್ತಿ ಆಗಿದೆ ಅಂತ ಹೇಳಿಬಿಡುತ್ತಿದ್ದರು, ಅಳೆದು ನೋಡಿದರೆ ಹಾಗೇ ಇರುತ್ತಿತ್ತು. "ಕಣ್ಣಿಲೆ ಓದಬ್ಯಾಡವಾ, ಬಾಯಿಲೆ ಓದು" ಅನ್ನುತ್ತಿದ್ದರು. ಈಗಲೂ ಪ್ರೂಫನ್ನು ನಾನು ಬಾಯಿಬಿಟ್ಟೇ ಓದುತ್ತೇನೆ.

ಮೊದಲು ನನಗೆ ಕೊಟ್ಟದ್ದು ಬಿಲ್ ಬುಕ್. ಗೆರೆ ಎಳೆಯುವುದು, ನಂಬರಿಂಗ್‌ಗೆ ಜಾಗ ಬಿಡುವುದು, ಬೈಂಡಿಂಗ್ ಕಡೆ ಎಷ್ಟು ಬಿಡಬೇಕು, ಹರಿದು ಕೊಡುವ ಕಡೆ ಎಷ್ಟು, ಇಷ್ಟೇ. ಆಮೇಲೆ ವಿಸಿಟಿಂಗ್ ಕಾರ್ಡ್, ಕರಪತ್ರ. ಲಗ್ನ ಪತ್ರಿಕೆ ಕೈಗೆ ಬಂದದ್ದು ಇವೆಲ್ಲ ಆದ ಮೇಲೆ, ಯಾಕೆಂದರೆ ಅದರಲ್ಲಿ ತಪ್ಪಾದರೆ ಪ್ರೆಸ್ಸಿನ ಮುಂದೆ ಎರಡು ಮನೆತನ ಬಂದು ನಿಲ್ಲುತ್ತವೆ. ಯಾರ ಹೆಸರಿನ ಮುಂದೆ "ಲಿಂ." ಬರಬೇಕು, ಯಾರಿಗೆ "ದಿ.", ವಧುವಿನ ಹೆಸರಿನ ಮುಂದಿನ "ಚಿ.ಕುಂ.ಸೌ." ಎಲ್ಲಿ ಮುರಿಯಬಾರದು, ಸೋದರಮಾವನ ಹೆಸರು ಯಾವ ಸಾಲಿಗೆ, ಸ್ವಾಮಿಗಳ ಸಾನ್ನಿಧ್ಯ ಇದ್ದರೆ ಅದು ಎಲ್ಲಿಗೆ. ಇದು ಯಾವ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ. ಗಿರಾಕಿ ಕೈಬರಹದಲ್ಲಿ ತಂದ ಮ್ಯಾಟರ್ ಓದಿ ಓದಿ, ಫೋನ್ ಮಾಡಿ ಕೇಳಿ ಕೇಳಿ ಬರುತ್ತದೆ. ಅಕ್ಷರದ ಗಾತ್ರ, ಸಾಲಿನ ಅಂತರ, ಯಾವುದು ದಪ್ಪ, ಯಾವುದು ತೆಳು ಅನ್ನುವ ವಿವೇಕವೂ ಹೀಗೇ ಬಂತು. ಪುಣ್ಯಕ್ಕೆ ನಮಗೆ ಅಂಥ ಸಣ್ಣ ಕೆಲಸಗಳು ದಿನಾ ಬರುತ್ತಿದ್ದವು, ಸಂಬಳ ಕಡಿಮೆ ಇದ್ದರೂ ಕಲಿಯುವಾಗ ಯಾರಾದರೂ ದುಡ್ಡು ಕೊಡುತ್ತಿದ್ದರು.

ಇನ್ನೊಂದು ಮಾತನ್ನೂ ಹೇಳಬೇಕು. ನಾನು ಬಂದ ಹೊತ್ತಿಗೇ ಫ್ಲೆಕ್ಸ್ ಯಂತ್ರಗಳು ಊರಿಗೆ ಬರುತ್ತಿದ್ದವು. ಅಂಗಡಿ ಬೋರ್ಡು, ಗೋಡೆ ಬರಹ, ಬಟ್ಟೆಯ ಬ್ಯಾನರ್ ಬರೆಯುವ ಪೇಂಟರುಗಳು ನಮ್ಮ ಪ್ರೆಸ್ಸಿನ ಓಣಿಯಲ್ಲೇ ಇದ್ದರು. ಬ್ರಶ್ ಒಂದು ಸಲ ಇಟ್ಟರೆ ತಲೆಕಟ್ಟಿನಿಂದ ಕೊನೆಯ ತಿರುವಿನವರೆಗೆ ಒಂದೇ ಉಸಿರಿನಲ್ಲಿ ಬರೆಯುತ್ತಿದ್ದ ಅವರ ಕೈಯನ್ನು ನಾನು ನಿಂತು ನೋಡಿದ್ದೇನೆ. ಕೆಲವೇ ವರ್ಷಗಳಲ್ಲಿ ಆ ಬೋರ್ಡುಗಳನ್ನೆಲ್ಲ ನಾವು ಕೋರಲ್‌ಡ್ರಾದಲ್ಲಿ ಮಾಡಿ ಫ್ಲೆಕ್ಸ್‌ಗೆ ಕಳಿಸಿದೆವು. ಅವರ ಅಕ್ಷರದ ಮುಂದೆ ನಮ್ಮದು ಏನೂ ಇರಲಿಲ್ಲ, ಆದರೆ ಅಗ್ಗ, ಸಂಜೆಯೊಳಗೆ ಕೈಗೆ. ಕಾಕಾನ ಜೊತೆಗಾರರ ಕೆಲಸ ಕಂಪ್ಯೂಟರಿಗೆ ಹೋಯ್ತು, ಪೇಂಟರುಗಳ ಕೆಲಸ ನನಗೆ ಬಂತು. ಈಗ ಫೋನಿನ ಸರದಿ ಬಂದಾಗ ಇದು ನನಗೆ ಅನ್ಯಾಯ ಅಂತ ಅನ್ನಿಸಲಿಲ್ಲ. ಭಯ ಮಾತ್ರ ಆಯಿತು.

ಸ್ವಂತ ಅಂಗಡಿ ಹಾಕಿದ್ದು 2012ರಲ್ಲಿ. ಒಂದು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್. ಬಸವ ಜಯಂತಿಯ ಆಸುಪಾಸಿನಿಂದ ಮೇ ಕೊನೆಯವರೆಗೆ ಲಗ್ನ ಪತ್ರಿಕೆ, ಶ್ರಾವಣದಲ್ಲಿ ಪುರಾಣ, ನಡುವೆ ಜಾತ್ರೆ, ಚುನಾವಣೆ, ಹುಟ್ಟುಹಬ್ಬದ ಬ್ಯಾನರ್. ಬ್ಯಾನರ್‌ನಲ್ಲಿ ಜಾಸ್ತಿ ಹೊತ್ತು ಹಿಡಿಯುತ್ತಿದ್ದದ್ದು ಫೋಟೋ ಕಟಿಂಗ್. ಇಪ್ಪತ್ತು ಜನರ ಮುಖ, ಪ್ರತಿಯೊಬ್ಬರ ಹಿಂದಿನ ಗೋಡೆ, ಕರ್ಟನ್ ತೆಗೆದು, ಕೂದಲಿನ ಅಂಚು ಕೆಡದ ಹಾಗೆ ಪೆನ್ ಟೂಲ್‌ನಲ್ಲಿ ಸುತ್ತಬೇಕು. ಇದಕ್ಕಾಗಿಯೇ ಇಬ್ಬರು ಹುಡುಗರನ್ನು ಇಟ್ಟುಕೊಂಡಿದ್ದೆ. ಪಿಯುಸಿ ಮುಗಿಸಿದವರು. ಫೋಟೋ ಕತ್ತರಿಸುತ್ತಾ ಶುರು ಮಾಡಿ, ಒಬ್ಬ ಹುಬ್ಬಳ್ಳಿಯ ಫ್ಲೆಕ್ಸ್ ಅಂಗಡಿಗೆ ಹೋದ, ಇನ್ನೊಬ್ಬ ಬೆಂಗಳೂರಿನಲ್ಲಿ ಜಾಹೀರಾತು ಕಂಪನಿ ಸೇರಿದ.

ಮೊದಲೇ ಮಾಡಿಟ್ಟ ವಿನ್ಯಾಸಗಳಲ್ಲಿ, ಅಂದರೆ ಟೆಂಪ್ಲೇಟುಗಳಲ್ಲಿ, ಹೆಸರು, ಫೋಟೋ ಬದಲಿಸಿ ಯಾರು ಬೇಕಾದರೂ ಡಿಸೈನ್ ಮಾಡಬಹುದಾದ ಕ್ಯಾನ್ವಾ ಆ್ಯಪ್ ಶುರುವಾದದ್ದು 2013ರಲ್ಲಿ, ಆಸ್ಟ್ರೇಲಿಯಾದಲ್ಲಿ. ನಮ್ಮ ಕಡೆ ಅದರ ಬಿಸಿ ತಟ್ಟಿದ್ದು 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದ ಮೇಲೆ. ಮೊದಲು ಹೋದದ್ದು ಹಬ್ಬದ ಶುಭಾಶಯ, ಹುಟ್ಟುಹಬ್ಬದ ಕಾರ್ಡು. ಅದರಲ್ಲಿ ದುಡ್ಡು ಅಷ್ಟಿರಲಿಲ್ಲ, ಹೋಗಲಿ ಅಂದೆ. ನಂತರ ವಿಸಿಟಿಂಗ್ ಕಾರ್ಡ್, ಅಂಗಡಿ ಉದ್ಘಾಟನೆಯ ಕರಪತ್ರ. ದೊಡ್ಡ ಪೆಟ್ಟು ಬಿದ್ದದ್ದು 2020ರಲ್ಲಿ. ಲಾಕ್‌ಡೌನ್ ಸಡಿಲಿಸಿದಾಗ ಮದುವೆಗೆ 50 ಜನ ಮಾತ್ರ ಅಂತ ನಿಯಮ ಬಂತು. ಐವತ್ತು ಜನರಿಗೆ ಯಾರು ಪತ್ರಿಕೆ ಅಚ್ಚು ಹಾಕಿಸುತ್ತಾರೆ? ಎಲ್ಲರೂ ವಾಟ್ಸ್‌ಆ್ಯಪ್ ಪತ್ರಿಕೆ ಮಾಡಿದರು. ನಿಯಮ ಹೋದ ಮೇಲೂ ಆ ರೂಢಿ ಹೋಗಲಿಲ್ಲ. ಮೊದಲು ಒಂದು ಸಾವಿರ ಪತ್ರಿಕೆ ಮಾಡಿಸುತ್ತಿದ್ದ ಮನೆಯವರು ಈಗ ದೇವರಿಗೆ, ಹತ್ತಿರದ ಬೀಗರಿಗೆ ಅಂತ ಇನ್ನೂರು ಮಾಡಿಸುತ್ತಾರೆ, ಅದೂ ಡಿಸೈನ್ ತಾವೇ ತರುತ್ತಾರೆ. "ಅಕ್ಕಾರ, ಡಿಸೈನ್ ನಾವ ಮಾಡೀವಿ, ನೀವು ಬರೇ ಪ್ರಿಂಟ್ ತಗದ ಕೊಡ್ರಿ." ಈ ಮಾತು ಈಗ ನನಗೆ ಬಾಯಿಪಾಠ.

ಇದರಲ್ಲಿ ಒಳ್ಳೆಯದೇ ಇಲ್ಲ ಅಂದರೆ ನಾನು ಸುಳ್ಳು ಹೇಳಿದ ಹಾಗೆ. ಹತ್ತಿರದ ಹಳ್ಳಿಯೊಂದರ ಸ್ತ್ರೀಶಕ್ತಿ ಸಂಘದವರು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾರೆ. ಅವರಲ್ಲೊಬ್ಬಳ ಮಗಳು ಫೋನಿನಲ್ಲೇ ಲೇಬಲ್ ಮಾಡಿ ತಂದಳು. ಬಣ್ಣ ಚೆನ್ನಾಗಿತ್ತು, ರೊಟ್ಟಿಯ ಫೋಟೋ ಚೆನ್ನಾಗಿತ್ತು. ಮೊದಲಾಗಿದ್ದರೆ ಅವರು ಡಿಸೈನ್‌ಗೆ ದುಡ್ಡು ಕೊಡಲಾರದೆ ಬರೀ ರಬ್ಬರ್ ಸ್ಟ್ಯಾಂಪ್ ಒತ್ತಿದ ಚೀಟಿ ಹಾಕಿ ಮಾರುತ್ತಿದ್ದರು. ಆಹಾರ ಪರವಾನಗಿ ನಂಬರು, ತೂಕ, ತಯಾರಿಸಿದ ದಿನಾಂಕ ಇವಕ್ಕೆ ಜಾಗ ಮಾಡಿಕೊಟ್ಟು ನಾನು ಪ್ರಿಂಟಿಗೆ ಸಿದ್ಧ ಮಾಡಿದೆ. ಇಂಥವರ ಕೈಗೆ ಈ ಸಾಧನ ಸಿಕ್ಕಿದ್ದು ನಿಜಕ್ಕೂ ಸಂತೋಷದ ವಿಷಯ.

ಆದರೆ ಈ ಟೆಂಪ್ಲೇಟುಗಳನ್ನು ಮಾಡಿದವರ ಮನಸ್ಸಿನಲ್ಲಿ ಕನ್ನಡ ಇರಲಿಲ್ಲ ಅನ್ನುವುದು ಪ್ರತಿ ಫೈಲಿನಲ್ಲೂ ಗೊತ್ತಾಗುತ್ತದೆ. ಇಂಗ್ಲಿಷ್ ಅಕ್ಷರ ಒಂದು ಗೆರೆಯ ಮೇಲೆ ಕೂರುತ್ತದೆ, ಕೆಳಗೆ ಇಳಿಯುವುದು ಕೆಲವೇ ಅಕ್ಷರ. ನಮ್ಮದು ಹಾಗಲ್ಲ. ಮೇಲಿನ ಸಾಲಿನ "ಸ್ತ್ರೀ" ಕೆಳಗೆ ಎರಡು ಮೆಟ್ಟಿಲು ಇಳಿಯುತ್ತದೆ, ಕೆಳಗಿನ ಸಾಲಿನ "ಶ್ರೀ" ಮೇಲಕ್ಕೆ ಏಳುತ್ತದೆ, ಇಂಗ್ಲಿಷ್‌ಗೆ ಇಟ್ಟ ಸಾಲಿನ ಅಂತರದಲ್ಲಿ ಎರಡೂ ಡಿಕ್ಕಿ ಹೊಡೆಯುತ್ತವೆ. ಟೆಂಪ್ಲೇಟಿನಲ್ಲಿ ತಲೆಬರಹದ ಅಕ್ಷರಗಳನ್ನು ದೂರ ದೂರ ಇಟ್ಟಿರುತ್ತಾರೆ, ಇಂಗ್ಲಿಷ್ ದೊಡ್ಡಕ್ಷರಕ್ಕೆ ಅದು ಚಂದ. ಅದೇ ಜಾಗದಲ್ಲಿ ಕನ್ನಡ ಹಾಕಿದರೆ ಪದ ಒಡೆದು ಚೂರಾದ ಹಾಗೆ ಕಾಣುತ್ತದೆ, ಕೆಲವು ಸಾಫ್ಟ್‌ವೇರುಗಳಲ್ಲಿ ಒತ್ತಕ್ಷರವೇ ಕಳಚಿಕೊಳ್ಳುತ್ತದೆ. ಎರಡು ಇಂಚಿನ ಕಾಲಮ್ಮಿನಲ್ಲಿ "ಕಾರ್ಯನಿರ್ವಾಹಕ ಅಭಿಯಂತರರು" ಕೂರಿಸಿ ನೋಡಿ, ಗೊತ್ತಾಗುತ್ತದೆ. ಫೋಟೋಶಾಪ್‌ನಂಥ ದೊಡ್ಡ ಸಾಫ್ಟ್‌ವೇರಿನಲ್ಲೂ ವರ್ಲ್ಡ್ ರೆಡಿ ಲೇಔಟ್ ಅನ್ನುವ ಆಯ್ಕೆ ಹಾಕಿಕೊಳ್ಳದಿದ್ದರೆ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ, ಫೋನಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡ ಬಿಡಿಬಿಡಿಯಾಗಿ ಬೀಳುತ್ತದೆ. ಇದು ಗೊತ್ತಿಲ್ಲದೆ ಫಾಂಟೇ ಸರಿಯಿಲ್ಲ ಅಂತ ಬೈಯುವವರು ಬಹಳ.

ಮುದ್ರಣದ ಕಡೆಯ ಲೆಕ್ಕ ಬೇರೆಯೇ. ಇನ್‌ಸ್ಟಾಗ್ರಾಮ್ ಅಳತೆಯ 1080 ಪಿಕ್ಸೆಲ್ ಚೌಕವನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿದರೆ ಸಿಗುವುದು 3.6 ಇಂಚು. ಅದನ್ನು ಎ4 ಕರಪತ್ರ ಮಾಡಿಕೊಡಿ ಅಂತ ತರುತ್ತಾರೆ, ಅದೂ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಬಂದು ಇನ್ನಷ್ಟು ಕುಗ್ಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ದಿನಾ ಹೇಳುತ್ತೇನೆ. ಫೋನಿನ ಪರದೆಯಲ್ಲಿ ಹೊಳೆಯುವ ಗಿಳಿಹಸಿರು, ಕಡುನೀಲಿ ಬಣ್ಣಗಳು ಆಫ್‌ಸೆಟ್ ಮುದ್ರಣದ ನಾಲ್ಕು ಶಾಯಿಯಲ್ಲಿ ಅದೇ ಹೊಳಪಿನಲ್ಲಿ ಬರುವುದೇ ಇಲ್ಲ. ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ಹೋಗಲೆಂದು ಬಣ್ಣವನ್ನು ಅಂಚಿನಾಚೆಗೂ ಚಾಚಿದ ಜಾಗ, ಬಿಡದಿದ್ದರೆ ಕಟಿಂಗ್‌ನಲ್ಲಿ ಬಿಳಿ ಅಂಚು ಉಳಿಯುತ್ತದೆ. "ಫೋನಿನ್ಯಾಗ ಛಲೋ ಕಾಣಸ್ತತಿ, ಪ್ರಿಂಟಿನ್ಯಾಗ ಯಾಕ ಹಿಂಗ?" ಅಂತ ಕೇಳಿದರೆ ಕೂರಿಸಿಕೊಂಡು ತೋರಿಸುತ್ತೇನೆ. ಮೊದಮೊದಲು ಇದನ್ನೆಲ್ಲ ಸುಮ್ನೆ ಮಾಡಿಕೊಡುತ್ತಿದ್ದೆ, ಪ್ರಿಂಟಿನ ದುಡ್ಡು ಬಂದರೆ ಸಾಕು ಅಂತ. ಈಗ ಫೈಲ್ ರಿಪೇರಿ ಅಂತಲೇ ರೇಟು ಬರೆದು ಗೋಡೆಗೆ ಅಂಟಿಸಿದ್ದೇನೆ. ಪುಟಕ್ಕೆ 150 ರೂಪಾಯಿಯಿಂದ ಶುರು. ಜನ ಕೊಡುತ್ತಾರೆ. ಹೊಸದಾಗಿ ಮಾಡಿಕೊಟ್ಟಾಗ ಚೌಕಾಸಿ ಮಾಡುತ್ತಿದ್ದವರೇ, ತಾವು ಅರ್ಧ ರಾತ್ರಿವರೆಗೆ ಕೂತು ಮಾಡಿದ್ದು ಕೆಡಬಾರದು ಅಂತ ದುಡ್ಡು ಕೊಡುತ್ತಾರೆ. ತಾವೇ ಮಾಡಿ ನೋಡಿದ್ದರಿಂದ ಕೆಲಸದ ಕಷ್ಟ ಗೊತ್ತಾಗಿರಬಹುದು ಅಂತ ನನ್ನ ಅಂದಾಜು.

ಎಐ ವಿಷಯಕ್ಕೆ ಬರುತ್ತೇನೆ. ಫೋಟೋ ಕಟಿಂಗ್ ಅಂದೆನಲ್ಲ, ಅದು ಈಗ ಒಂದು ಒತ್ತಿಗೆ ಆಗುತ್ತದೆ. 2023ರಲ್ಲಿ ಫೋಟೋಶಾಪ್‌ಗೆ ಜನರೇಟಿವ್ ಫಿಲ್ ಬಂದಾಗ, ಅರ್ಧಕ್ಕೆ ಕತ್ತರಿಸಿ ಹೋದ ಪೇಟವನ್ನು ಅದೇ ಪೂರ್ತಿ ಮಾಡಿದ್ದು ನೋಡಿ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ನಾನೂ ಬಳಸುತ್ತೇನೆ, ಬಳಸದೆ ಈಗ ಬ್ಯಾನರ್ ಕೆಲಸ ಗಿಟ್ಟುವುದಿಲ್ಲ. ಕನ್ನಡ ಬರಹ ಮಾತ್ರ ಅದಕ್ಕೆ ಇನ್ನೂ ಪೂರ್ತಿ ಒಗ್ಗಿಲ್ಲ. ಮೊದಮೊದಲು ಪೋಸ್ಟರ್ ಕೇಳಿದರೆ ದೂರಕ್ಕೆ ಕನ್ನಡದ ಹಾಗೆ ಕಾಣುವ, ಹತ್ತಿರ ಹೋದರೆ ಅಕ್ಷರವೇ ಅಲ್ಲದ ಏನನ್ನೋ ಬರೆಯುತ್ತಿತ್ತು. 2025ರಿಂದೀಚೆಗೆ ಸಣ್ಣ ತಲೆಬರಹ ಸರಿಯಾಗಿ ಬರುವುದನ್ನು ನೋಡಿದ್ದೇನೆ. ನಾಲ್ಕು ಸಾಲು ಮ್ಯಾಟರ್ ಕೊಟ್ಟರೆ ಎಲ್ಲೋ ಒಂದು ಒತ್ತು ತಪ್ಪುತ್ತದೆ, ಒಂದು ಹೆಸರು ಬದಲಾಗುತ್ತದೆ. ಜಾತ್ರೆಯ ಪೋಸ್ಟರಿಗೆ ತೇರಿನ ಚಿತ್ರ ಕೇಳಿದಾಗ ಯಾವುದೋ ದೂರದ ಊರಿನ ತೇರು ಕೊಟ್ಟಿತು. ಕಮಿಟಿಯ ಹಿರಿಯರು ಒಂದೇ ನೋಟಕ್ಕೆ "ಇದು ನಮ್ಮ ತೇರಲ್ಲ" ಅಂದರು. ಕೊನೆಗೆ ಹಳೆಯ ಫೋಟೋ ಹುಡುಕಿ ಹಾಕಿದೆವು. ಈ ತೊಂದರೆಗಳೆಲ್ಲ ಒಂದು ದಿನ ಸರಿಹೋಗುತ್ತವೆ ಅಂತಲೇ ನಾನು ಲೆಕ್ಕ ಹಾಕಿದ್ದೇನೆ. ಯಂತ್ರಕ್ಕೆ ಕನ್ನಡ ಬರುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಹೊಟ್ಟೆಪಾಡು ಕಟ್ಟಲಾಗುವುದಿಲ್ಲ.

ಹಾಗಾಗಿ ಈಗ ಪುಸ್ತಕವನ್ನೇ ಹೆಚ್ಚು ನೆಚ್ಚಿಕೊಂಡಿದ್ದೇನೆ. ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದ್ದಾಗಲೇ ಪುಸ್ತಕದ ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್ ಕಲಿಯಲು ಕೂತಿದ್ದೆ. ಪೇಜ್‌ಮೇಕರ್ ಕೈಗೆ ಇದು ಹೊಸತೇನಲ್ಲ, ಆದರೆ ಯೂನಿಕೋಡ್ ಹೊಸತು. ಹಳೆಯ ನುಡಿ, ಶ್ರೀಲಿಪಿ ಫಾಂಟುಗಳು ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿ ಕೆಲಸ ನಡೆಸುತ್ತಿದ್ದವು, ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ಓದಲು ಬರುತ್ತಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಹಾಗೆ ಕಂಪೋಸ್ ಆದ ಪುಸ್ತಕಗಳು ಪ್ರಕಾಶಕರ ಹತ್ತಿರ ಸಿಡಿಗಳಲ್ಲಿ ಬಿದ್ದಿವೆ. ಮರುಮುದ್ರಣಕ್ಕೆ, ಇ-ಪುಸ್ತಕಕ್ಕೆ ಅವು ಯೂನಿಕೋಡ್ ಆಗಲೇಬೇಕು. ಪರಿವರ್ತಿಸುವ ಉಚಿತ ತಂತ್ರಾಂಶಗಳಿವೆ, ಒಂದು ನಿಮಿಷದಲ್ಲಿ ಇಡೀ ಪುಸ್ತಕ ತಿರುಗಿಸಿ ಕೊಡುತ್ತವೆ. ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ. ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಆಗಿರುತ್ತವೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿರುತ್ತಾರೆ, ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಪದ ಸಿಗುವುದಿಲ್ಲ. ವಚನಗಳ ಸಾಲುಗಳು ಗದ್ಯದಂತೆ ಒಂದಕ್ಕೊಂದು ಅಂಟಿರುತ್ತವೆ. ಇದನ್ನು ಬಾಯಿಬಿಟ್ಟು ಓದಿ ತಿದ್ದಬೇಕು. ಕಾಕಾ ಈಗಿಲ್ಲ. ಇದ್ದಿದ್ದರೆ ಅವರಿಗೆ ಕೈತುಂಬ ಕೆಲಸ ಇರುತ್ತಿತ್ತು.

ಒಳ್ಳೆಯ ಅಕ್ಷರಗಳೂ ಈಗ ಪುಕ್ಕಟೆ ಸಿಗುತ್ತವೆ. ನೋಟೊ, ತಿರೋ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ಎಲ್ಲ ಗೂಗಲ್ ಫಾಂಟ್ಸ್‌ನಲ್ಲಿವೆ. ನಾವು ಶುರು ಮಾಡಿದಾಗ ಊರಿಗೆಲ್ಲ ಅದೇ ನಾಲ್ಕೈದು ಫಾಂಟು. ಆದರೆ ಅಡೋಬಿ 2013ರಲ್ಲಿ ಬಾಡಿಗೆ ಪದ್ಧತಿಗೆ ಹೋದ ಮೇಲೆ ಸಾಫ್ಟ್‌ವೇರ್ ಅನ್ನುವುದು ಪ್ರತಿ ತಿಂಗಳ ಖರ್ಚಾಯ್ತು, ಸಣ್ಣ ಅಂಗಡಿಗೆ ಅದು ಭಾರವೇ. ಒಟ್ಟಾರೆ ನನ್ನ ಆದಾಯ ಲಾಕ್‌ಡೌನಿಗೆ ಮುಂಚಿನ ಮಟ್ಟಕ್ಕೆ ಹತ್ತಿರ ಬಂದಿದೆ. ಗಿರಾಕಿಗಳು ಕಡಿಮೆ, ಒಬ್ಬೊಬ್ಬರ ಕೆಲಸ ದೊಡ್ಡದು.

ಹಾಗಾದರೆ ತೊಂದರೆ ಏನು ಅಂತ ಕೇಳಬಹುದು. ತೊಂದರೆ ನನ್ನ ನಂತರದವರದು. ಕಳೆದ ವರ್ಷ ಗ್ರಾಫಿಕ್ ಡಿಸೈನ್ ಕೋರ್ಸ್ ಮುಗಿಸಿದ ಹುಡುಗಿಯೊಬ್ಬಳು ಕೆಲಸ ಕೇಳಿಕೊಂಡು ಬಂದಳು. ಬಣ್ಣದ ಅರಿವು ನನಗಿಂತ ಚೆನ್ನಾಗಿದೆ. ಕ್ಯಾನ್ವಾದಲ್ಲಿ ಕೈ ನೀರು ಹರಿದ ಹಾಗೆ ಓಡುತ್ತದೆ. ಕೊಡಲು ನನ್ನಲ್ಲಿ ಕೆಲಸ ಇತ್ತು, ಆದರೆ ಅವಳಿಗೆ ಕೊಡಬಹುದಾದ ಕೆಲಸ ಇರಲಿಲ್ಲ. ನನಗೆ ಬರುವುದು 300 ಪುಟದ ಪುಸ್ತಕ, ಕೆಟ್ಟು ಬಂದ ಫೈಲುಗಳು. ಎರಡಕ್ಕೂ ಹತ್ತು ವರ್ಷದ ಅನುಭವ ಬೇಕು. ಆ ಅನುಭವ ಕೊಡುತ್ತಿದ್ದ ಬಿಲ್ ಬುಕ್ಕು, ಕರಪತ್ರ, ಫೋಟೋ ಕಟಿಂಗ್ ಎಲ್ಲ ಫೋನಿಗೆ ಹೋಗಿವೆ. ಎಐ ನನ್ನ ಕೆಲಸ ಕಿತ್ತುಕೊಂಡಿಲ್ಲ. ನಾನು ಕಲಿತ ದಾರಿಯನ್ನು ಕಿತ್ತುಹಾಕಿದೆ. ಬೆಂಗಳೂರಿನ ಜಾಹೀರಾತು ಕಂಪನಿಯಲ್ಲಿರುವ ನನ್ನ ಹಳೆಯ ಹುಡುಗನೂ ಇದನ್ನೇ ಹೇಳಿದ: "ಅಕ್ಕಾ, ನಮ್ಮಲ್ಲೂ ಹೊಸಬರನ್ನ ತಗೊಳ್ಳೋದು ಕಡಿಮೆ ಮಾಡ್ಯಾರ, ನಾನು ಸೇರಿದಾಗ ಮಾಡ್ತಿದ್ದ ಕೆಲಸ ಈಗ ಯಾರೂ ಮಾಡಂಗಿಲ್ಲ."

ಆ ಹುಡುಗಿಯನ್ನು ಇಟ್ಟುಕೊಂಡಿದ್ದೇನೆ. ಮೊದಲು ಹಳೆಯ ಲಗ್ನ ಪತ್ರಿಕೆಗಳ ಕಟ್ಟು ಕೊಟ್ಟು, ಅವುಗಳ ಮ್ಯಾಟರ್ ತೆಗೆದುಕೊಂಡು ಟೆಂಪ್ಲೇಟ್ ಇಲ್ಲದೆ ಖಾಲಿ ಪುಟದಿಂದ ಮಾಡು ಅಂದೆ. ಬೇಸರ ಮಾಡಿಕೊಂಡಳು, ಸಹಜವೇ, ಯಾರಿಗೂ ಬೇಡದ ಪತ್ರಿಕೆ ಮಾಡಲು ಯಾರಿಗೆ ಉಮೇದು ಬರುತ್ತದೆ. ತಪ್ಪಾದರೆ ಗಿರಾಕಿ ಬಂದು ಕೇಳುತ್ತಾನೆ ಅನ್ನುವ ಹೆದರಿಕೆ ಇಲ್ಲದೆ ಕಣ್ಣು ಚುರುಕಾಗುವುದಿಲ್ಲ. ಆಮೇಲೆ ಪರಿಚಯದ ಪ್ರೆಸ್ ಮಾಲಕರನ್ನು ಕೇಳಿಕೊಂಡೆ: ನಿಮ್ಮಲ್ಲಿ ಉಳಿದಿರುವ ಬಿಲ್ ಬುಕ್, ರಸೀದಿ, ಪುರಾಣದ ಕರಪತ್ರ ಇವಳಿಗೆ ಕೊಡಿ, ಅರ್ಧ ರೇಟಿಗೆ ಮಾಡಿಕೊಡುತ್ತೇವೆ, ಪ್ರೂಫ್ ನಾನು ನೋಡುತ್ತೇನೆ, ಕೆಟ್ಟರೆ ಕಾಗದದ ಖರ್ಚು ನನ್ನದು. ಇಬ್ಬರು ಒಪ್ಪಿದ್ದಾರೆ. ಒಬ್ಬರು, ಅಷ್ಟು ಹೊತ್ತು ಯಾರು ಕಾಯುತ್ತಾರವ್ವಾ, ಹುಡುಗ ಫೋನಿನಲ್ಲೇ ಮಾಡಿಕೊಡುತ್ತಾನೆ ಅಂದರು. ಅವರ ಮಾತೂ ತಪ್ಪಲ್ಲ.

ಈ ಶ್ರಾವಣದ ಪುರಾಣದ ಕರಪತ್ರ ಅವಳೇ ಮಾಡಿದಳು. ಸ್ವಾಮಿಗಳ ಹೆಸರಿನ ಸಾಲಿನಲ್ಲಿ ಒತ್ತು ಕೆಳಗಿನ ಸಾಲಿಗೆ ತಾಗುತ್ತಿದ್ದದ್ದನ್ನು ನಾನು ಹೇಳುವ ಮೊದಲೇ ಸರಿ ಮಾಡಿದ್ದಳು. ಅವಳ ಸಂಬಳ ಸದ್ಯಕ್ಕೆ ಪುಸ್ತಕದ ದುಡ್ಡಿನಿಂದ ಹೋಗುತ್ತಿದೆ, ಅವಳ ಕೆಲಸದಿಂದಲೇ ಹುಟ್ಟುವುದಿಲ್ಲ. ಮುಂದಿನ ಲಗ್ನದ ಸೀಸನ್ ತನಕ ಹೀಗೇ ನಡೆಸಬಲ್ಲೆ. ಗದಗ, ಹುಬ್ಬಳ್ಳಿ ಕಡೆಯ ಪ್ರೆಸ್ಸಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮಲ್ಲಿ ಅವಸರವಿಲ್ಲದ ಸಣ್ಣ ಕೆಲಸ ಇದ್ದರೆ, ಕಲಿಯುವವರ ಕೈಗೆ ಕೊಡಿ. ಪ್ರೂಫ್ ನೋಡಿಕೊಡುವ ಜವಾಬ್ದಾರಿ ನನ್ನದು.